‘ಚೆನ್ನಾಗಿದ್ದೀನಿ’ ಎಂದರೆ ಪಿಂಚಣಿ ತಪ್ಪೀತು

ಸ್ಕಿಜೋಫ್ರೇನಿಯಾ ಇರುವ ಮಗನಿಗೆ ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಲು ಹೊರಟ ತಾಯಿ ಅವನಿಗೆ ಸ್ನಾನ ಮಾಡಿಸಿ, ಇಸ್ತ್ರಿ ಹಾಕಿದ ಅಂಗಿ ತೊಡಿಸುತ್ತಾಳೆ. ಜಿಲ್ಲಾಸ್ಪತ್ರೆಯಲ್ಲಿ ವೈದ್ಯರು ಕೇಳಿದರೆ ಅವನು ‘ಚೆನ್ನಾಗಿದ್ದೀನಿ’ ಎನ್ನುತ್ತಾನೆ. ಸಂಕೋಚಕ್ಕೆ ತಾಯಿಯೂ ಸುಮ್ಮನಾಗುತ್ತಾಳೆ. ಪಿಂಚಣಿ ಕೈತಪ್ಪುವುದು ಇಂಥ ಕಡೆಯೇ.

ಮನೋವೈಕಲ್ಯ ಅಳೆಯುವ ‘ಐಡಿಯಾಸ್’ ಮಾಪನ ನೋಡುವುದು ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ ಇವನ್ನು. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೂ ಅಂಕವಿದೆ. ಹಾಗಾಗಿ ಹಳೆಯ ಔಷಧಿ ಚೀಟಿಗಳನ್ನು ಎಸೆಯಬಾರದು. ಸ್ನಾನಕ್ಕೆ ಎಷ್ಟು ಸಲ ಹೇಳಬೇಕು, ಕೆಲಸ ಬಿಟ್ಟು ಎಷ್ಟು ಕಾಲವಾಯಿತು ಎಂಬುದನ್ನು ಮನೆಯವರು ಬರೆದುಕೊಂಡು ಹೋಗಿ ಬಿಚ್ಚಿ ಹೇಳಲಿ. ಇದರಲ್ಲಿ ಮಾನ ಹೋಗುವಂಥದ್ದು ಏನೂ ಇಲ್ಲ.

ಪಿಂಚಣಿಗೆ ಬೇಕಾದ ಶೇ 40ಕ್ಕಿಂತ ಕಡಿಮೆ ವೈಕಲ್ಯ ಎಂದು ಬಂದರೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮೇಲ್ಮನವಿ ಸಲ್ಲಿಸಬಹುದು.

ಪ್ರಮಾಣಪತ್ರದ ಇಲ್ಲವೇ ಪಿಂಚಣಿಯ ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿಯೇ ಕೇಳಿ ಪಡೆಯಬೇಕು. ‘ಆಗಲ್ಲ’ ಎಂಬ ಬಾಯಿಮಾತು ಹಿಡಿದು ವಕೀಲರು ವಾದಿಸುವುದು ಕಷ್ಟ. ಶುಲ್ಕದ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಅಂಗವಿಕಲರಿಗೆ ಆದಾಯ ಮಿತಿಯಿಲ್ಲದೆ ಉಚಿತ ನೆರವುಂಟು. ಮಾನಸಿಕ ಅಸ್ವಸ್ಥರಿಗೆಂದೇ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಯೋಜನೆಯೂ ಇದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು. ಅಲ್ಲಿಯವರೆಗೆ ಹೋಗಲಾಗದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಲಿ.