ಉಸಿರು ಉದ್ದಕ್ಕೆ ಬಿಡು, ಪುಟ್ಟವ್ವ

ಧಾರವಾಡ

ಚಿ. ಪುಟ್ಟವ್ವ,

ಗದಗಿನ ಮಲ್ಲಸಮುದ್ರದಿಂದ ನಿಮ್ಮಪ್ಪ ಫೋನ್ ಮಾಡಿದ್ದ. ‘ಅಣ್ಣಾ, ಹುಡುಗಿ ರೊಟ್ಟಿ ಮುಟ್ಟವಲ್ಲಳು. ನಡುರಾತ್ರಿ ದಾಟಿದ್ರೂ ಪುಸ್ತಕ ಹಿಡಕೊಂಡು ಕುಂತಿರ್ತಾಳ. ಮುಂಜಾನೆ ಎದ್ದ ಕೂಡ್ಲೆ ಹೊಟ್ಟಿ ತೊಳಸತೈತಿ ಅಂತಾಳ. ನೀವ ಒಂದ್ ಮಾತ್ ಹೇಳ್ರಿ’ ಅಂದ. ಫೋನಿನಲ್ಲಿ ಹೇಳಿದರೆ ‘ಹೂಂ ದೊಡ್ಡಪ್ಪ’ ಅಂದು ಇಟ್ಟುಬಿಡುತ್ತೀ ಅಂತ ಗೊತ್ತು. ಅದಕ್ಕೇ ಈ ಕಾಗದ. ಬೇಕಾದಾಗ ತೆಗೆದು ಓದಬಹುದು, ಬೇಡವಾದಾಗ ಗಣಿತದ ಪುಸ್ತಕದೊಳಗೆ ಇಟ್ಟು ಮುಚ್ಚಬಹುದು.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ‘ಅಂಜಬ್ಯಾಡ’ ಅಂತ ನಾನು ಬರೆಯುವುದಿಲ್ಲ. ಆ ಮಾತನ್ನು ಎಲ್ಲರೂ ಹೇಳಿಯಾಗಿದೆ, ಹೇಳಿದಷ್ಟೂ ನಿನ್ನ ಅಂಜಿಕೆ ಹೆಚ್ಚಿದೆ. ಗಣಿತ ಕಲಿಸಿ ನಿವೃತ್ತನಾದವನು ನಾನು. ಪಾಠ ಹೇಳಿದ್ದಕ್ಕಿಂತ ಪರೀಕ್ಷೆಯ ಕೊಠಡಿಯಲ್ಲಿ ಸುಮ್ಮನೆ ನಿಂತು ನೋಡಿದ್ದರಿಂದಲೇ ಮಕ್ಕಳ ಬಗ್ಗೆ ಹೆಚ್ಚು ತಿಳಿದುಕೊಂಡೆ ಅನ್ನಿಸುತ್ತದೆ. ಮೇಲ್ವಿಚಾರಕನಿಗೆ ಮತ್ತೇನು ಕೆಲಸ ಹೇಳು? ಪ್ರಶ್ನೆಪತ್ರಿಕೆ ಹಂಚಿದ ಮೇಲಿನ ಮೊದಲ ಹತ್ತು ನಿಮಿಷ ಕೊಠಡಿಯ ತುಂಬ ಒಂದೇ ನಮೂನೆಯ ಆಟ. ಒಬ್ಬಳ ಅಂಗೈ ಬೆವೆತು ಪೆನ್ನಿನ ಟೊಪ್ಪಿಗೆ ಜಾರುತ್ತಿರುತ್ತದೆ. ಇನ್ನೊಬ್ಬ ಮೊದಲ ಪ್ರಶ್ನೆಯನ್ನೇ ಮೂರನೆಯ ಸಲ ಓದುತ್ತಿರುತ್ತಾನೆ, ಕಣ್ಣು ಮಾತ್ರ ಪಕ್ಕದ ಬೆಂಚಿನವನು ಬರೆಯತೊಡಗಿದನೇ ಅಂತ ಹೊರಳುತ್ತದೆ. ಹಾಲ್ ಟಿಕೆಟ್ ನೋಡಿಕೊಂಡೇ ನೋಂದಣಿ ಸಂಖ್ಯೆಯ ಒಂದು ಅಂಕಿ ಬಿಟ್ಟು ಬರೆದವರಿದ್ದಾರೆ. ಅದೇ ಮಕ್ಕಳು ಅರ್ಧ ಗಂಟೆಯ ನಂತರ ತಲೆ ಎತ್ತದೆ ಬರೆಯುತ್ತಿರುತ್ತಾರೆ. ಅಂದರೆ ಓದಿದ್ದು ಎಲ್ಲಿಯೂ ಹೋಗಿರಲಿಲ್ಲ. ಮೈ ಒಂದಿಷ್ಟು ಹೊತ್ತು ಹದ ತಪ್ಪಿತ್ತು, ಅಷ್ಟೇ.

ಈ ಹದ ತಪ್ಪುವುದು ಏನೆಂದು ತಿಳಿದರೆ ಅರ್ಧ ಅಂಜಿಕೆ ಇಳಿಯುತ್ತದೆ. ನಿನ್ನ ವಿಜ್ಞಾನದ ಪುಸ್ತಕದಲ್ಲೇ ಇದೆ: ಮೂತ್ರಪಿಂಡದ ಮೇಲೆ ಕುಳಿತ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ. ಎದೆ ಧಡಧಡ ಬಡಿಯುತ್ತದೆ. ಹೊಟ್ಟೆಗೆ ಹೋಗಬೇಕಾದ ರಕ್ತ ಕೈಕಾಲಿನ ಸ್ನಾಯುಗಳ ಕಡೆ ಹರಿಯುತ್ತದೆ, ಅದಕ್ಕೇ ಹೊಟ್ಟೆ ತೊಳಸುವುದು. ಉಸಿರಾಟ ಜೋರಾಗಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾದಾಗ ಬೆರಳಿನ ತುದಿ ಜುಮುಜುಮು ಅಂದು ತಲೆ ಹಗುರಾಗುತ್ತದೆ. ‘ನನಗೇನೋ ಆಗ್ತೈತಿ’ ಅಂತ ಮಕ್ಕಳು ಹೆದರುವುದು ಇಲ್ಲೇ. ಏನೂ ಆಗುತ್ತಿರುವುದಿಲ್ಲ. ಹುಲಿ ಬಂದರೆ ಓಡಲಿಕ್ಕೆ ಮೈ ಮಾಡಿಕೊಳ್ಳುವ ತಯಾರಿ ಅದು. ಪಾಪ, ಬಂದದ್ದು ಹುಲಿಯಲ್ಲ, ತ್ರಿಕೋನಮಿತಿ ಅಂತ ಅದಕ್ಕೆ ಗೊತ್ತಿಲ್ಲ.

ಈಗ ಮುಖ್ಯ ಮಾತು. ಎದೆಗೆ ‘ಮೆಲ್ಲಗೆ ಬಡಿ’ ಅಂದರೆ ಕೇಳುವುದಿಲ್ಲ. ಬೆವರಿಗೆ, ಹೊಟ್ಟೆಗೆ ಹೇಳಿದರೂ ಕೇಳುವುದಿಲ್ಲ. ನಮ್ಮ ಮಾತು ಕೇಳುವುದು ಉಸಿರು ಮಾತ್ರ. ಒಳಗೆ ಎಳೆದುಕೊಂಡಾಗ ನಾಡಿ ತುಸು ಚುರುಕಾಗುತ್ತದೆ, ಹೊರಗೆ ಬಿಟ್ಟಾಗ ತುಸು ನಿಧಾನವಾಗುತ್ತದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡು, ನಿನಗೇ ಗೊತ್ತಾಗುತ್ತದೆ. ಮಿದುಳಿನಿಂದ ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರದ ಕೆಲಸ ಇದು. ಹಾಗಾಗಿ ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಉಸಿರು ಬಿಡುವುದೇ ಉಪಾಯ. ನಾಲ್ಕು ಎಣಿಸುವವರೆಗೆ ಮೂಗಿನಿಂದ ಎಳೆದುಕೋ, ಎಂಟು ಎಣಿಸುವವರೆಗೆ ಬಿಡು. ಮೂಗು ಹಿಡಿಯುವುದು, ಉಸಿರು ಕಟ್ಟುವುದು ಬೇಡ. ಯೂಟ್ಯೂಬಿನಲ್ಲಿ ಹತ್ತು ತರಹ ತೋರಿಸುತ್ತಾರೆ, ಪರೀಕ್ಷೆಯ ಬೆಂಚಿನ ಮೇಲೆ ಅಷ್ಟೆಲ್ಲ ನೆನಪಿರುವುದಿಲ್ಲ. ತಲೆ ಸುತ್ತಿದಂತಾದರೆ ಬಿಟ್ಟು ಸಹಜವಾಗಿ ಉಸಿರಾಡು.

ಇದನ್ನು ನಾನು ನಂಬುವುದು ನಮ್ಮ ಗದಗಿನ ಕಾರಣಕ್ಕೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳನ್ನು ಗಾಯಕರನ್ನಾಗಿ ಮಾಡಿದರು. ಇಬ್ಬರಿಗೂ ಕಣ್ಣಿರಲಿಲ್ಲ. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೋದರು. ಹಿಂದುಸ್ತಾನಿ ಕಲಿಯುವವರ ನಸುಕಿನ ಸಾಧನೆಯನ್ನು ಎಂದಾದರೂ ಕೇಳಿದ್ದೀಯಾ? ರಾಗ, ತಾನ ಎಲ್ಲ ಆಮೇಲೆ. ಮೊದಲು ಕೆಳಗಿನ ಸ್ಥಾಯಿಯಲ್ಲಿ ಒಂದು ‘ಸಾ’ ಹಿಡಿದು, ಉಸಿರು ತೀರುವವರೆಗೆ ಅಲುಗದಂತೆ ನಿಲ್ಲಿಸುವುದು. ಮತ್ತೆ ಉಸಿರು, ಮತ್ತೆ ಅದೇ ‘ಸಾ’. ನಾನು ಮೇಲೆ ಹೇಳಿದ ಉದ್ದನೆಯ ನಿಶ್ವಾಸವೇ ಇದು, ಸ್ವರದ ಜೊತೆ. ಯಾವ ಗಾಯಕನೂ ಕಛೇರಿಯ ದಿನ ವೇದಿಕೆ ಹತ್ತಿ ಉಸಿರಾಟ ಕಲಿಯುವುದಿಲ್ಲ. ಮಕ್ಕಳು ತಪ್ಪುವುದೇ ಇಲ್ಲಿ. ಪರೀಕ್ಷೆಯ ದಿನ ಗಾಬರಿಯಾದ ಮೇಲೆ ‘ದೀರ್ಘ ಉಸಿರು ತಗೋ’ ಅಂತ ಯಾರೋ ಹೇಳಿದ್ದು ನೆನಪಾಗುತ್ತದೆ, ಮಾಡುತ್ತಾರೆ, ಫಲ ಕಾಣುವುದಿಲ್ಲ, ಮತ್ತಷ್ಟು ಗಾಬರಿ. ಮೈಗೆ ರೂಢಿಯಿಲ್ಲದ್ದು ಅವಸರಕ್ಕೆ ಒದಗಿ ಬರುವುದಿಲ್ಲ. ಇಂದಿನಿಂದಲೇ ಶುರು ಮಾಡು, ಗಾಬರಿ ಇಲ್ಲದಾಗಲೇ. ಮುಂಜಾನೆ ಹಿತ್ತಲಲ್ಲಿ ಕುಳಿತು ಐದು ನಿಮಿಷ ‘ಸಾ’ ಹಿಡಿ. ಸ್ವರ ಸೊಟ್ಟಗಿದ್ದರೆ ಇರಲಿ, ನಿಮ್ಮವ್ವ ನಕ್ಕರೆ ನಗಲಿ.

ಐದು ನಿಮಿಷ ಅಂದದ್ದು ಬಾಯಿಗೆ ಬಂದ ಲೆಕ್ಕವಲ್ಲ. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ದಿನಕ್ಕೆ ಐದೇ ನಿಮಿಷ, ಒಂದು ತಿಂಗಳು. ಕೆಲವರು ಧ್ಯಾನ ಮಾಡಿದರು, ಕೆಲವರು ಬೇರೆ ಬೇರೆ ಉಸಿರಾಟ ಮಾಡಿದರು. ಮನಸ್ಸು ಹೆಚ್ಚು ಗೆಲುವಾದದ್ದು ಉದ್ದಕ್ಕೆ ನಿಟ್ಟುಸಿರು ಬಿಟ್ಟವರದು. ಮೂಗಿನಿಂದ ಎಳೆದು, ಅದರ ಮೇಲೆ ಮತ್ತೊಂದು ಸಣ್ಣ ಎಳೆತ, ಆಮೇಲೆ ಬಾಯಿಂದ ನಿಧಾನಕ್ಕೆ ಪೂರ್ತಿ ಬಿಡುವುದು. ಅತ್ತು ಅತ್ತು ಸುಮ್ಮನಾದ ಕೂಸು ತಾನಾಗಿಯೇ ಮಾಡುತ್ತದಲ್ಲ, ಅದೇ.

ರಾತ್ರಿ ನಿದ್ದೆ ಬರುವುದಿಲ್ಲ ಅಂತೀಯಂತೆ. ಹಾಸಿಗೆಯ ಮೇಲೆ ಅಂಗಾತ ಮಲಗಿ ಎರಡೂ ಮುಷ್ಟಿ ಬಿಗಿ ಹಿಡಿ, ಸ್ವಲ್ಪ ಹೊತ್ತಿಗೆ ಸಡಿಲ ಬಿಡು. ಆಮೇಲೆ ಭುಜ, ಹೊಟ್ಟೆ, ತೊಡೆ, ಪಾದ. ಬಿಗಿದು ಬಿಟ್ಟ ಮೇಲೆಯೇ ಮೈಗೆ ಸಡಿಲ ಅಂದರೇನು ಅಂತ ಗೊತ್ತಾಗುವುದು. ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರು 1929ರಲ್ಲೇ ಇದರ ಮೇಲೆ ಪುಸ್ತಕ ಬರೆದರು. ನಿನ್ನಂಥವರು ಪಾದ ಮುಟ್ಟುವುದರೊಳಗೆ ಗೊರಕೆ ಹೊಡೆಯುತ್ತಾರೆ. ನಿದ್ದೆಗೆಟ್ಟು ಓದುವುದರ ಬಗ್ಗೆ ಮಾತ್ರ ನಾನು ಸಿಟ್ಟಿನಿಂದಲೇ ಹೇಳುತ್ತೇನೆ. ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಆ ಹೊತ್ತನ್ನು ಕಡಿದರೆ ಓದಿದ್ದನ್ನೇ ಕಡಿದ ಹಾಗೆ.

ಓದುವುದಕ್ಕೂ ಒಂದು ಗಡುವು ಬೇಕು. ವೀರನಾರಾಯಣ ಗುಡಿಗೆ ಹೋದಾಗ ಕುಮಾರವ್ಯಾಸನ ಕಂಬ ತೋರಿಸಿ ಹೇಳಿದ ಕಥೆ ಮರೆತಿಲ್ಲ ತಾನೆ? ಕುಮಾರವ್ಯಾಸ, ಅಂದರೆ ಕೋಳಿವಾಡದ ನಾರಣಪ್ಪ, ಮಿಂದು ಒದ್ದೆ ಬಟ್ಟೆಯಲ್ಲೇ ದೇವರ ಮುಂದೆ ಕೂರುತ್ತಿದ್ದನಂತೆ, ಬಟ್ಟೆ ಆರುವವರೆಗೆ ಮಾತ್ರ ಕಾವ್ಯ ಹರಿಯುತ್ತಿತ್ತಂತೆ. ಪವಾಡ ಅನ್ನುವವರು ಅನ್ನಲಿ, ನನಗೆ ಅದರಲ್ಲಿ ಕಾಣುವುದು ಟೈಮ್ ಟೇಬಲ್. ನೀನೂ ಟವೆಲ್ ಒದ್ದೆ ಮಾಡಿ ನೆರಳಲ್ಲಿ ಹರವಿ ಓದಲು ಕೂತು ನೋಡು, ಆರಿದ ಕೂಡಲೇ ಏಳು. ಗದಗಿನ ಮಾರ್ಚಿನಲ್ಲಿ ಅದು ಬಹಳ ಹೊತ್ತು ತೆಗೆದುಕೊಳ್ಳುವುದಿಲ್ಲ. ಎದ್ದು ಕೆರೆಯ ಕಡೆ ಒಂದು ಸುತ್ತು ನಡೆದು ಬಾ. ಬಂದು ಪುಸ್ತಕ ಮುಚ್ಚಿಯೇ ಓದಿದ್ದನ್ನು ಹಾಳೆಯ ಮೇಲೆ ಬರೆ. ಮತ್ತೆ ಮತ್ತೆ ಓದಿದವರಿಗಿಂತ ಹೀಗೆ ನೆನೆಸಿಕೊಂಡು ಬರೆದವರಿಗೇ ವಾರದ ನಂತರ ಹೆಚ್ಚು ನೆನಪಿತ್ತು ಅಂತ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದ್ದಾರೆ. ಶಾಂತವಾಗಿರಲು ಎಷ್ಟೇ ಉಸಿರಾಟ ಮಾಡಿದರೂ ‘ನನಗೆ ಬರುತ್ತದೆ’ ಎಂಬ ಧೈರ್ಯ ಹುಟ್ಟುವುದು ಈ ಹಾಳೆಯ ಮೇಲೆಯೇ.

ಇನ್ನೊಂದು, ನನಗೆ ಬಲು ಇಷ್ಟವಾದದ್ದು. ಶಿಕಾಗೋದಲ್ಲಿ ರಾಮಿರೆಜ್, ಬೈಲಾಕ್ ಎಂಬ ಸಂಶೋಧಕರು ಪರೀಕ್ಷೆಗೆ ಸ್ವಲ್ಪ ಮೊದಲು ಹತ್ತು ನಿಮಿಷ ಮಕ್ಕಳಿಂದ ಅವರ ಚಿಂತೆಗಳನ್ನೇ ಬರೆಸಿದರು. 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಒಂಬತ್ತನೆಯ ತರಗತಿಯವರ ಪರೀಕ್ಷೆಯಲ್ಲೂ ನೋಡಿದರು: ಹೆಚ್ಚು ಅಂಜುವ ಮಕ್ಕಳ ಅಂಕ ಸುಧಾರಿಸಿತು. ತಲೆಯಲ್ಲಿ ಲೆಕ್ಕ ಬಿಡಿಸುವ ಜಾಗವನ್ನೇ ಚಿಂತೆ ಆಕ್ರಮಿಸಿರುತ್ತದೆ, ಹಾಳೆಗೆ ಇಳಿಸಿದರೆ ಜಾಗ ತೆರವಾಗುತ್ತದೆ ಎಂಬುದು ಅವರ ವಿವರಣೆ. ಹೊರಡುವ ಮುಂಚೆ ಮನೆಯಲ್ಲೇ ಬರೆ. ‘ಅಪ್ಪ ಸಾಲ ಮಾಡಿ ಟ್ಯೂಶನ್ ಹಾಕಿಸ್ಯಾನ’ ಅಂತಾದರೂ ಬರೆ, ‘ದೊಡ್ಡಪ್ಪ ಬರೇ ಉಪದೇಶ ಮಾಡ್ತಾನ’ ಅಂತಾದರೂ ಬರೆ. ಬರೆದು ಹರಿದು ಹಾಕು, ಯಾರೂ ಓದಬಾರದು.

ಪರೀಕ್ಷೆಯ ಮುಂಜಾನೆ ಮೊಸರನ್ನವೋ, ಮೆತ್ತನೆಯ ರೊಟ್ಟಿಯೋ ಸ್ವಲ್ಪವಾದರೂ ತಿಂದು ಹೋಗು. ಗದಗಿನ ಬದನೆಕಾಯಿ ಬಜ್ಜಿ ಸಂಜೆಗಿರಲಿ. ಗೇಟಿನ ಮುಂದೆ ‘ಇದು ಬರ್ತೈತಿ, ಅದು ಬರ್ತೈತಿ’ ಅಂತ ಗುಂಪು ಕೂಡಿರುತ್ತದಲ್ಲ, ಅಲ್ಲಿ ನಿಲ್ಲಬೇಡ. ಒಳಗೆ ಕೂತ ಮೇಲೆ ಅಂಗಾಲು ನೆಲಕ್ಕೆ ಒತ್ತು, ಬೆಂಚಿನ ತಂಪು ಅಂಗೈಗೆ ತಾಗಲಿ. ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ. ಅದರಲ್ಲಿ ಮೊದಲ ಒಂದು ನಿಮಿಷ ನಿನ್ನ ಉಸಿರಿಗೆ ಕೊಡು. ನಂತರ ಪೂರ್ತಿ ಓದಿ, ಚೆನ್ನಾಗಿ ಬರುವುದಕ್ಕೆ ಗುರುತು ಹಾಕಿ ಅಲ್ಲಿಂದಲೇ ಶುರು ಮಾಡು. ನಡುವೆ ತಲೆ ಖಾಲಿಯಾದರೆ ಪೆನ್ನು ಕೆಳಗಿಟ್ಟು ಐದಾರು ಉಸಿರು ಉದ್ದಕ್ಕೆ ಬಿಡು. ಕೊಠಡಿಯಲ್ಲಿ ಕ್ಯಾಮೆರಾ ಇದೆ ಅಂತ ಅಂಜುತ್ತೀಯಂತೆ. 2024ರಲ್ಲಿ ವೆಬ್‌ಕಾಸ್ಟಿಂಗ್ ಬಂದ ವರ್ಷ ರಾಜ್ಯದ ಫಲಿತಾಂಶ ಶೇಕಡಾ 83.89ರಿಂದ 73.40ಕ್ಕೆ ಇಳಿಯಿತು ಅನ್ನುವುದನ್ನೇ ಹೇಳಿ ಹೇಳಿ ಮಕ್ಕಳನ್ನು ಹೆದರಿಸುತ್ತಾರೆ. ನಕಲು ಮಾಡದವಳಿಗೆ ಆ ಕ್ಯಾಮೆರಾ ಗೋಡೆಯ ಗಡಿಯಾರಕ್ಕಿಂತ ಹೆಚ್ಚಿನದೇನಲ್ಲ.

ಗಣಿತದ ಮೇಷ್ಟ್ರು ನಾನು, ಲೆಕ್ಕ ಹೇಳದೆ ಬಿಡುತ್ತೇನೆಯೇ? ಎಸ್ಸೆಸ್ಸೆಲ್ಸಿಯ 625ರಲ್ಲಿ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20 ಆಂತರಿಕ ಅಂಕ. ಕೂಡಿಸು: 125. ಐದರಲ್ಲೊಂದು ಪಾಲಿನ ತೀರ್ಮಾನ ವರ್ಷವಿಡೀ ಶಾಲೆಯಲ್ಲೇ ಆಗಿರುತ್ತದೆ. ಮೇಲಾಗಿ 2024ರಿಂದ ವರ್ಷಕ್ಕೊಂದೇ ಮುಖ್ಯ ಪರೀಕ್ಷೆ ಅನ್ನುವುದು ಹೋಗಿದೆ. ಪರೀಕ್ಷೆ-1ರಲ್ಲಿ ಎಡವಿದರೆ, ಬಂದ ಅಂಕ ಸಾಲದು ಅನ್ನಿಸಿದರೆ, ಪರೀಕ್ಷೆ-2 ಬರೆಯಬಹುದು, ಹೆಚ್ಚು ಬಂದದ್ದನ್ನು ಉಳಿಸಿಕೊಳ್ಳಬಹುದು. ನಮ್ಮ ಕಾಲದಲ್ಲಿ ನಪಾಸಾದವನಿಗೆ ಊರಲ್ಲಿ ತಲೆ ಎತ್ತಿ ತಿರುಗುವುದೇ ಕಷ್ಟವಿತ್ತು. ಪಕ್ಕದ ಮನೆಯವರು ‘ಎಷ್ಟ್ ಪರ್ಸೆಂಟ್ ಮಾಡ್ತೀ?’ ಅಂತ ಕೇಳಿದರೆ ನಕ್ಕು ನೀರಿನ ಕೊಡ ಎತ್ತಿಕೊಂಡು ಬಾ. ನಿಮ್ಮಪ್ಪನಿಗೆ ನಾನು ಬೇರೆಯೇ ಹೇಳಿದ್ದೇನೆ, ಊಟಕ್ಕೆ ಕೂತಾಗ ಅಂಕದ ಮಾತು ಎತ್ತಕೂಡದು ಅಂತ.

ಇಷ್ಟೆಲ್ಲ ಮಾಡಿಯೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಇಲ್ಲವೇ ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಸುಳಿದರೂ ಸರಿ, ಉಸಿರಾಟದ ಉಪಾಯ ಹಿಡಿದುಕೊಂಡು ಕೂರಬೇಡ. ಅದು ಅಂಥದಕ್ಕೆ ಸಾಲುವುದಿಲ್ಲ. ಯಾವ ಹೊತ್ತಿನಲ್ಲಾದರೂ ನನಗೆ ಫೋನ್ ಮಾಡು, ಅವ್ವನನ್ನು ಎಬ್ಬಿಸು. 14416ಕ್ಕೆ ಮಾಡಬಹುದು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ದೂರ ಹೋಗಬೇಕಾಗಿಯೂ ಇಲ್ಲ. ಜಿಮ್ಸ್ ದವಾಖಾನೆ ನಮ್ಮೂರಲ್ಲೇ ಮುಳಗುಂದ ರಸ್ತೆಗಿದೆ, ಅಲ್ಲಿ ಮನೋವೈದ್ಯರೂ ಇದ್ದಾರೆ. ‘ಮಂದಿ ಏನಂದಾರು’ ಅಂತ ನಿಮ್ಮಜ್ಜಿ ಗೊಣಗಿದರೆ ನನ್ನ ಹೆಸರು ಹೇಳು, ನಾನು ನೋಡಿಕೊಳ್ಳುತ್ತೇನೆ.

ಗಣಿತ ಪರೀಕ್ಷೆಯ ಹಿಂದಿನ ಸಂಜೆ ನಾನೇ ಫೋನ್ ಮಾಡುತ್ತೇನೆ, ಎತ್ತು. ಪ್ರಮೇಯ ಗಿಮೇಯ ಏನೂ ಕೇಳುವುದಿಲ್ಲ. ಒಂದು ‘ಸಾ’ ಹಿಡಿದು ಕೇಳಿಸಿದರೆ ಸಾಕು. ನಿಮ್ಮ ದೊಡ್ಡವ್ವ ಶೇಂಗಾ ಹೋಳಿಗೆ ಕಟ್ಟಿಕೊಡುತ್ತೇನೆ ಅಂದಿದ್ದಾಳೆ, ಪರೀಕ್ಷೆ ಮುಗಿದ ಮರುದಿನ ಬಸ್ಸಿಗೆ ಬರುತ್ತೇವೆ.

ಇಂತಿ ನಿನ್ನ
ದೊಡ್ಡಪ್ಪ