ಬಾಗಿಲಿಗೆ ಬಂದ ರೋಗಿ

ಬೆಂಗಳೂರಿನ ಉತ್ತರ ಭಾಗದಿಂದ ಎರಡು ಹೆದ್ದಾರಿಗಳು ಹೊರಡುತ್ತವೆ. ಒಂದು ಯಶವಂತಪುರವನ್ನು ಹಾದು ತುಮಕೂರಿನ ಕಡೆಗೆ ಸಾಗುತ್ತದೆ. ಇನ್ನೊಂದು ಹೆಬ್ಬಾಳ, ಯಲಹಂಕಗಳನ್ನು ದಾಟಿ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಮಾರ್ಗವಾಗಿ ಅನಂತಪುರದತ್ತ ನಡೆಯುತ್ತದೆ. ನಗರದೊಳಗೆ ಇದಕ್ಕೆ ಬಳ್ಳಾರಿ ರಸ್ತೆ ಎಂದು ಹೆಸರು. ಈ ರಸ್ತೆಯಲ್ಲಿ, ಅರಮನೆ ಮೈದಾನಕ್ಕೆ ಸಮೀಪದಲ್ಲಿ, ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ದಿನವೂ ಸಾವಿರಾರು ವಾಹನಗಳು ಅದರ ಮುಂದೆ ಹಾದುಹೋಗುತ್ತವೆ. ಆದರೆ ಅರವತ್ತು ವರ್ಷಗಳಿಗೂ ಹಿಂದೆ ಅಲ್ಲಿಂದ ಹೊರಟು ಹಳ್ಳಿಗಳನ್ನು ಸುತ್ತಿದ ಕೆಲವರು ಕೇಳಿದ ಒಂದು ಸರಳವಾದ ಪ್ರಶ್ನೆ, ನಮ್ಮ ದೇಶದ ಆರೋಗ್ಯ ವ್ಯವಸ್ಥೆಯ ದೃಷ್ಟಿಯನ್ನೇ ಬದಲಾಯಿಸಿತೆಂಬುದನ್ನು ಬಲ್ಲವರು ವಿರಳ.

ಕ್ಷಯವು ಮಾನವನಷ್ಟೇ ಪುರಾತನವಾದ ಶತ್ರು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ ಈ ರೋಗಕ್ಕೆ ಕಾರಣವಾದ ರೋಗಾಣುವನ್ನು ತಾನು ಕಂಡುಹಿಡಿದಿರುವುದಾಗಿ 1882ರ ಮಾರ್ಚ್ 24ರಂದು ಪ್ರಕಟಿಸಿದನು. ಶ್ವಾಸಕೋಶದ ಕ್ಷಯವುಳ್ಳವನು ಕೆಮ್ಮಿದಾಗ ರೋಗಾಣುಗಳು ಗಾಳಿಯಲ್ಲಿ ಹರಡಿ, ಇತರರ ಉಸಿರಿನೊಡನೆ ಅವರ ದೇಹವನ್ನು ಸೇರುತ್ತವೆ. ಕಾರಣ ತಿಳಿದರೂ ಔಷಧ ದೊರೆಯಲು ಮತ್ತೆ ಅರವತ್ತು ವರ್ಷಗಳು ಬೇಕಾದುವು. ಅಲ್ಲಿಯವರೆಗೆ ಶುದ್ಧವಾದ ಗಾಳಿ, ಪುಷ್ಟಿಕರವಾದ ಆಹಾರ, ದೀರ್ಘಕಾಲದ ವಿಶ್ರಾಂತಿ, ಇವೇ ಚಿಕಿತ್ಸೆ. ಇದಕ್ಕಾಗಿ ಊರಿನಿಂದ ದೂರದಲ್ಲಿ ಆರೋಗ್ಯಧಾಮಗಳನ್ನು ಕಟ್ಟುತ್ತಿದ್ದರು. ಆದರೆ ಕೂಲಿಯಿಂದ ಬದುಕುವವನು ತಿಂಗಳುಗಟ್ಟಲೆ ಅಲ್ಲಿ ಮಲಗಿದರೆ ಮನೆಯ ಒಲೆ ಉರಿಯುವುದು ಹೇಗೆ? 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಾಜಿಡ್ ಬಳಕೆಗೆ ಬಂದುವು. ಕ್ಷಯವು ಗುಣವಾಗುವ ರೋಗವಾಯಿತು. ಆದರೂ ಔಷಧವನ್ನು ಆಸ್ಪತ್ರೆಯಲ್ಲಿಯೇ ಕೊಡಬೇಕೆಂಬ ನಂಬಿಕೆ ಉಳಿದಿತ್ತು.

ಈ ನಂಬಿಕೆಯನ್ನು ಮದರಾಸಿನಲ್ಲಿ ಪರೀಕ್ಷೆಗೆ ಒಡ್ಡಲಾಯಿತು. 1956ರಲ್ಲಿ ಅಲ್ಲಿ ಪ್ರಾರಂಭವಾದ ಅಧ್ಯಯನವೊಂದರಲ್ಲಿ ಕೆಲವು ರೋಗಿಗಳಿಗೆ ಆರೋಗ್ಯಧಾಮದಲ್ಲಿಯೂ, ಕೆಲವರಿಗೆ ಅವರವರ ಮನೆಗಳಲ್ಲಿಯೂ ಒಂದೇ ಔಷಧವನ್ನು ಒಂದು ವರ್ಷ ಕಾಲ ಕೊಟ್ಟರು. ಮನೆಯಲ್ಲಿದ್ದವರಿಗೆ ಆಹಾರ ಕಡಿಮೆ, ವಿಶ್ರಾಂತಿ ಕಡಿಮೆ, ಜಾಗವೂ ಇಕ್ಕಟ್ಟು. ಆದರೂ ಎರಡು ಗುಂಪಿನವರೂ ಹೆಚ್ಚು ಕಡಿಮೆ ಸಮಾನವಾಗಿ ಗುಣ ಹೊಂದಿದರು. ಮನೆಯಲ್ಲಿ ಚಿಕಿತ್ಸೆ ಪಡೆದವರ ಬಂಧುಗಳಿಗೆ ಅದರಿಂದ ಹೆಚ್ಚಿನ ಅಪಾಯವೂ ಒದಗಲಿಲ್ಲ. ಬಡದೇಶಗಳ ಪಾಲಿಗೆ ಇದು ದೊಡ್ಡ ಭರವಸೆಯಾಯಿತು.

ಇದೇ ಕಾಲದಲ್ಲಿ, 1955ರಿಂದ 1958ರವರೆಗೆ, ದೇಶದ ಹಲವು ಪಟ್ಟಣ ಮತ್ತು ಹಳ್ಳಿಗಳಲ್ಲಿ ಒಂದು ಸಮೀಕ್ಷೆ ನಡೆಯಿತು. ಕ್ಷಯವು ಕಿಕ್ಕಿರಿದ ನಗರಗಳ ರೋಗವೆಂದು ಜನ ತಿಳಿದಿದ್ದರು. ಸಮೀಕ್ಷೆಯು ಬೇರೆಯೇ ಸಂಗತಿಯನ್ನು ತೋರಿಸಿತು. ಹಳ್ಳಿಗಳಲ್ಲಿಯೂ ರೋಗ ನಗರಗಳಲ್ಲಿರುವಷ್ಟೇ ಹರಡಿತ್ತು. ಸಾವಿರ ಜನರಲ್ಲಿ 13ರಿಂದ 25 ಮಂದಿಯ ಎದೆಯ ಕ್ಷ-ಕಿರಣ ಚಿತ್ರದಲ್ಲಿ ರೋಗದ ಗುರುತು ಕಂಡಿತು. ಭಾರತೀಯರಲ್ಲಿ ಬಹುಸಂಖ್ಯಾತರು ಹಳ್ಳಿಗರು. ವೈದ್ಯರಲ್ಲಿ ಬಹುಸಂಖ್ಯಾತರು ಪಟ್ಟಣಿಗರು. ಔಷಧವೊಂದು ಕಡೆ, ರೋಗಿಯೊಂದು ಕಡೆ. ಇವೆರಡನ್ನು ಸೇರಿಸುವ ಸೇತುವೆ ಯಾವುದು?

ಈ ಸೇತುವೆಯನ್ನು ಹುಡುಕುವುದಕ್ಕಾಗಿಯೇ ಭಾರತ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1959ರಲ್ಲಿ ಸ್ಥಾಪಿಸಿತು. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಅಲ್ಲಿ ವೈದ್ಯರೊಡನೆ ಸಂಖ್ಯಾಶಾಸ್ತ್ರಜ್ಞರೂ ಸಮಾಜಶಾಸ್ತ್ರವನ್ನು ಬಲ್ಲವರೂ ಒಂದೇ ಮೇಜಿನ ಸುತ್ತ ಕುಳಿತರು. ಆಸ್ಪತ್ರೆಯ ವೈದ್ಯನು ರೋಗಿಯ ದೇಹವನ್ನು ಪರೀಕ್ಷಿಸುತ್ತಾನೆ. ಇವರು ಪರೀಕ್ಷಿಸಲು ಹೊರಟದ್ದು ರೋಗಿಗೂ ಔಷಧಕ್ಕೂ ನಡುವೆ ಇದ್ದ ದಾರಿಯನ್ನು. ಆ ದಾರಿ ಎಲ್ಲಿ ಕಡಿದಿದೆ, ಏಕೆ ಕಡಿದಿದೆ, ಇರುವಷ್ಟು ಹಣ ಮತ್ತು ಜನಬಲದಿಂದ ಅದನ್ನು ಸರಿಪಡಿಸುವುದು ಹೇಗೆ ಎಂದು ವಿಚಾರಿಸುವ ಶಾಸ್ತ್ರವನ್ನೇ ಇಂದು ಆರೋಗ್ಯ ವ್ಯವಸ್ಥೆಯ ಸಂಶೋಧನೆ ಎಂದು ಕರೆಯುತ್ತಾರೆ.

ಆಗ ಬಲವಾಗಿದ್ದ ಅಭಿಪ್ರಾಯವೊಂದುಂಟು. ಹಳ್ಳಿಗರು ಅಜ್ಞಾನಿಗಳು; ತಮಗೆ ರೋಗವಿರುವುದೇ ಅವರಿಗೆ ತಿಳಿಯದು; ತಿಳಿದರೂ ಆಸ್ಪತ್ರೆಗೆ ಬರುವವರಲ್ಲ. ಆದ್ದರಿಂದ ಕ್ಷ-ಕಿರಣ ಯಂತ್ರಗಳನ್ನು ವಾಹನಗಳಲ್ಲಿ ಹೇರಿಕೊಂಡು ಊರೂರಿಗೆ ಹೋಗಿ, ಪ್ರತಿಯೊಬ್ಬನ ಎದೆಯ ಚಿತ್ರವನ್ನು ತೆಗೆದು ರೋಗಿಗಳನ್ನು ಹುಡುಕಬೇಕು. ಶ್ರೀಮಂತ ದೇಶಗಳಲ್ಲಿ ಹೀಗೆ ನಡೆದಿತ್ತು. ಆದರೆ ಲಕ್ಷಾಂತರ ಹಳ್ಳಿಗಳಿರುವ ನಮ್ಮ ದೇಶದಲ್ಲಿ ಎಷ್ಟು ಯಂತ್ರಗಳು ಬೇಕು? ಅವುಗಳಿಗೆ ಎಷ್ಟು ಹಣ ಬೇಕು?

ಸಂಸ್ಥೆಯಲ್ಲಿದ್ದ ಡಾ. ದೇಬಬರ್ ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದಿದ್ದ ಸ್ಟಿಗ್ ಆಂಡರ್ಸನ್ ಈ ಅಭಿಪ್ರಾಯವನ್ನು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಹಳ್ಳಿಗನಿಗೆ ಏನು ತಿಳಿದಿದೆ ಎಂಬುದನ್ನು ಹಳ್ಳಿಗನನ್ನೇ ಕೇಳಿ ತಿಳಿಯಬಾರದೇಕೆ ಎಂಬುದು ಅವರ ಪ್ರಶ್ನೆ. ತುಮಕೂರು ಜಿಲ್ಲೆಯಲ್ಲಿ ಕ್ಷ-ಕಿರಣ ಮತ್ತು ಕಫದ ಪರೀಕ್ಷೆಗಳಿಂದ ರೋಗಿಗಳೆಂದು ಗೊತ್ತಾದವರನ್ನು ಅವರವರ ಮನೆಗಳಲ್ಲಿಯೇ ಕಂಡು, ಅವರಿಗೆ ಯಾವ ಕಷ್ಟಗಳಿವೆ, ಅವುಗಳ ಬಗೆಗೆ ಚಿಂತೆ ಉಂಟೆ, ಪರಿಹಾರಕ್ಕಾಗಿ ಏನು ಮಾಡಿದರು ಎಂದು ವಿಚಾರಿಸಲಾಯಿತು. ಹೋಲಿಕೆಗಾಗಿ ರೋಗವಿಲ್ಲದವರನ್ನೂ ಹಾಗೆಯೇ ಪ್ರಶ್ನಿಸಲಾಯಿತು. ಈ ಅಧ್ಯಯನದ ಫಲಿತಾಂಶಗಳು 1963ರಲ್ಲಿ ಪ್ರಕಟವಾದುವು.

ಉತ್ತರವು ವಿದ್ವಾಂಸರನ್ನು ಬೆರಗುಗೊಳಿಸಿತು. ಕಫದಲ್ಲಿ ರೋಗಾಣುಗಳಿದ್ದ ರೋಗಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ತಮ್ಮ ಕೆಮ್ಮು, ಜ್ವರ, ಎದೆನೋವುಗಳ ಅರಿವು ಚೆನ್ನಾಗಿಯೇ ಇತ್ತು. ಬಹುಮಂದಿ ಅವುಗಳ ಬಗೆಗೆ ಚಿಂತೆಗೊಳಗಾಗಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಸಮೀಪದ ಆಸ್ಪತ್ರೆ ಅಥವಾ ಔಷಧಾಲಯಕ್ಕೆ ಹೋಗಿ ಬಂದಿದ್ದರು! ಹಾಗಾದರೆ ಅವರಿಗೆ ಚಿಕಿತ್ಸೆ ಏಕೆ ದೊರೆಯಲಿಲ್ಲ?

ಒಂದು ದೃಶ್ಯವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳೋಣ. ಒಬ್ಬ ಕೂಲಿಕಾರನಿಗೆ ಎರಡು ತಿಂಗಳಿನಿಂದ ಕೆಮ್ಮು. ರಾತ್ರಿ ಜ್ವರ ಬರುತ್ತದೆ, ಮೈ ಇಳಿದುಹೋಗಿದೆ. ಒಂದು ದಿನದ ಕೂಲಿಯನ್ನು ಬಿಟ್ಟು, ಮನೆಯಲ್ಲಿದ್ದ ಖಾಲಿ ಸೀಸೆಯೊಂದನ್ನು ತೊಳೆದು ಕೈಯಲ್ಲಿ ಹಿಡಿದು, ನಾಲ್ಕಾರು ಮೈಲಿ ನಡೆದು ಅವನು ಆಸ್ಪತ್ರೆಗೆ ಬರುತ್ತಾನೆ. ಬಾಗಿಲಲ್ಲಿ ಉದ್ದವಾದ ಸಾಲು. ಅವನ ಸರದಿ ಬಂದಾಗ, "ಏನಪ್ಪಾ ನಿನಗೆ?" ಎಂಬ ಪ್ರಶ್ನೆ. "ಕೆಮ್ಮು ಸ್ವಾಮಿ" ಎಂಬ ಉತ್ತರ. ಕಾಂಪೌಂಡರು ಸೀಸೆಗೆ ಕೆಮ್ಮಿನ ಔಷಧಿಯನ್ನು ತುಂಬಿಕೊಡುತ್ತಾನೆ. ಯಾರೂ ಅವನ ಕಫವನ್ನು ಪರೀಕ್ಷಿಸುವುದಿಲ್ಲ. ಸಂಜೆಯ ಹೊತ್ತಿಗೆ ಅವನು ಊರು ಸೇರುತ್ತಾನೆ. ರೋಗವೂ ಅವನೊಡನೆಯೇ ಊರು ಸೇರುತ್ತದೆ.

ಹೀಗೆ ಮರಳಿದವನ ಗತಿಯೇನು? ಇದೇ ಸಂಸ್ಥೆಯು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಡೆಸಿದ ಇನ್ನೊಂದು ಸಮೀಕ್ಷೆಯಿಂದ ಇದಕ್ಕೆ ಉತ್ತರ ತಿಳಿಯುತ್ತದೆ. ವ್ಯವಸ್ಥಿತವಾದ ಚಿಕಿತ್ಸಾ ಕಾರ್ಯಕ್ರಮ ಇನ್ನೂ ತಲಪದಿದ್ದ ಆ ಹಳ್ಳಿಗಳಲ್ಲಿ, ಮೊದಲ ಸುತ್ತಿನಲ್ಲಿ ಕಂಡುಬಂದ ರೋಗಿಗಳ ಪೈಕಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಐದು ವರ್ಷಗಳೊಳಗೆ ಮರಣ ಹೊಂದಿದ್ದರು. ಸುಮಾರು ಮೂರನೆಯ ಒಂದು ಭಾಗದವರ ಕಫದಲ್ಲಿ ರೋಗಾಣುಗಳು ಕಾಣದಾಗಿದ್ದುವು. ಉಳಿದವರು ಇನ್ನೂ ಕೆಮ್ಮುತ್ತ, ಮನೆಯವರಿಗೂ ನೆರೆಯವರಿಗೂ ರೋಗವನ್ನು ಹರಡುತ್ತ ಇದ್ದರು. ಬಾಗಿಲಿಗೆ ಬಂದವನನ್ನು ಕೆಮ್ಮಿನ ಔಷಧಿ ಕೊಟ್ಟು ಕಳುಹಿಸುವುದೆಂದರೆ ಎಂತಹ ತಪ್ಪೆಂಬುದು ಈ ಲೆಕ್ಕದಿಂದ ವ್ಯಕ್ತವಾಗುತ್ತದೆ.

ದೋಷವು ಜನರ ಅಜ್ಞಾನಕ್ಕಿಂತ ಹೆಚ್ಚಾಗಿ ಆಸ್ಪತ್ರೆಯ ವ್ಯವಸ್ಥೆಯಲ್ಲಿತ್ತು. ಇದನ್ನರಿತ ಮೇಲೆ ಪರಿಹಾರವೂ ಸುಲಭವಾಗಿ ಗೋಚರಿಸಿತು. ದೂರದ ರೋಗಿಗಳನ್ನು ದುಬಾರಿಯಾದ ಯಂತ್ರಗಳಿಂದ ಹುಡುಕುವ ಮೊದಲು, ತಾವಾಗಿಯೇ ಬಂದವರನ್ನು ಗುರುತಿಸಬೇಕು. ಬಹುದಿನಗಳ ಕೆಮ್ಮಿನಿಂದ ಬಂದವನ ಕಫವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಲ್ಪಕಾಲದ ತರಬೇತಿ ಪಡೆದವರೂ ಇದನ್ನು ಮಾಡಬಲ್ಲರು. ಕ್ಷಯಕ್ಕೆಂದು ಪ್ರತ್ಯೇಕ ಆಸ್ಪತ್ರೆಗಳನ್ನು ಕಟ್ಟುತ್ತ ಕೂಡದೆ, ಇರುವ ಆಸ್ಪತ್ರೆಗಳಲ್ಲಿಯೇ ಈ ಪರೀಕ್ಷೆಯನ್ನೂ ಔಷಧವನ್ನೂ ಒದಗಿಸಬೇಕು. ಜಿಲ್ಲೆಗೊಂದು ಕೇಂದ್ರವು ಇವೆಲ್ಲವನ್ನೂ ನೋಡಿಕೊಳ್ಳಬೇಕು. ಬಳ್ಳಾರಿ ರಸ್ತೆಯಲ್ಲಿಯೇ ಮುಂದೆ ಸಾಗಿದರೆ ಸಿಗುವ ಅನಂತಪುರ ಜಿಲ್ಲೆಯಲ್ಲಿ 1961ರಲ್ಲಿ ಇಂತಹ ಯೋಜನೆಯ ಪ್ರಯೋಗ ನಡೆದಿತ್ತು. 1962ರಲ್ಲಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ರೂಪುಗೊಂಡು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು.

ಈ ವಿಚಾರದ ಕಂಪು ದೇಶದ ಗಡಿಯನ್ನೂ ದಾಟಿತು. ಸುಮಾರು ಹತ್ತು ವರ್ಷ ಭಾರತದಲ್ಲಿ ಕ್ಷಯದ ವಿರುದ್ಧ ದುಡಿದ ಡೆನ್ಮಾರ್ಕಿನ ವೈದ್ಯ ಹಾಫ್‌ಡಾನ್ ಮಾಲರ್, 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. ಅವರ ಅಧಿಕಾರಾವಧಿಯಲ್ಲಿ, 1978ರಲ್ಲಿ, ಆಲ್ಮಾ ಆಟಾ ನಗರದಲ್ಲಿ ಸೇರಿದ ಸಮ್ಮೇಳನವು ಪ್ರಾಥಮಿಕ ಆರೋಗ್ಯ ಸೇವೆಯನ್ನು ಜನರ ಮನೆಬಾಗಿಲಿಗೆ ಸಮೀಪವಾಗಿಸಬೇಕೆಂದು ಲೋಕಕ್ಕೆ ಸಾರಿತು.

ಆದರೆ ಒಳ್ಳೆಯ ಯೋಜನೆಯೊಂದೇ ಗೆಲುವನ್ನು ತಂದುಕೊಡುವುದಿಲ್ಲ. 1992ರಲ್ಲಿ ಕಾರ್ಯಕ್ರಮದ ಪರಿಶೀಲನೆ ನಡೆದಾಗ ಹಲವು ಕುಂದುಗಳು ಬೆಳಕಿಗೆ ಬಂದುವು. ಹಣ ಸಾಲದಾಗಿತ್ತು, ಔಷಧ ಸಕಾಲಕ್ಕೆ ತಲಪುತ್ತಿರಲಿಲ್ಲ. ಕಫದ ಪರೀಕ್ಷೆಯನ್ನು ಬದಿಗೊತ್ತಿ ಕ್ಷ-ಕಿರಣವನ್ನೇ ಅತಿಯಾಗಿ ನೆಚ್ಚಲಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಚಿಕಿತ್ಸೆಯನ್ನು ಆರಂಭಿಸಿದವರಲ್ಲಿ ಬಹುಮಂದಿ ಅದನ್ನು ಮುಗಿಸುತ್ತಿರಲಿಲ್ಲ. ಒಂದೆರಡು ತಿಂಗಳು ಮಾತ್ರೆ ನುಂಗಿದೊಡನೆ ಕೆಮ್ಮು ಅಡಗುತ್ತದೆ, ಹಸಿವು ಹೆಚ್ಚುತ್ತದೆ. ಗುಣವಾಯಿತೆಂದು ತಿಳಿದು ರೋಗಿ ಔಷಧವನ್ನು ಬಿಡುತ್ತಾನೆ. ಅಳಿದುಳಿದ ರೋಗಾಣುಗಳು ಮತ್ತೆ ತಲೆಯೆತ್ತುತ್ತವೆ. ಕೆಲವೊಮ್ಮೆ ಔಷಧಕ್ಕೂ ಜಗ್ಗದಷ್ಟು ಬಲಿಯುತ್ತವೆ. ಈ ಕುಂದುಗಳನ್ನು ನೀಗಲು 1997ರಿಂದ ಪರಿಷ್ಕೃತ ಕಾರ್ಯಕ್ರಮವು ಆರಂಭವಾಗಿ, 2006ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಔಷಧವನ್ನು ಕೈಗೆ ಕೊಟ್ಟು ಕಳುಹಿಸಿದರೆ ಸಾಲದು, ರೋಗಿ ಅದನ್ನು ಸೇವಿಸುವುದನ್ನು ಒಬ್ಬ ಕಾರ್ಯಕರ್ತನು ಕಣ್ಣಾರೆ ನೋಡಬೇಕೆಂಬುದು ಅದರ ಮುಖ್ಯ ನಿಯಮವಾಯಿತು. 2018ರಿಂದ ರೋಗಿಗಳ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗಿಷ್ಟು ಹಣವನ್ನು ಸರ್ಕಾರವು ಕೊಡುತ್ತಿದೆ. ಆದರೂ ಲೋಕದ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಇಂದಿಗೂ ಭಾರತೀಯರೇ.

ಬಳ್ಳಾರಿ ರಸ್ತೆಯ ಆ ಸಂಸ್ಥೆಯ ಸುತ್ತಮುತ್ತಲ ಲೋಕವೂ ಈಗ ಬದಲಾಗಿದೆ. ಒಂದು ಕಾಲಕ್ಕೆ ರಾಗಿಯ ಹೊಲಗಳಿದ್ದ ಹೆಬ್ಬಾಳ, ಯಲಹಂಕಗಳ ಬಯಲಿನಲ್ಲಿ ಗಗನಚುಂಬಿ ಕಟ್ಟಡಗಳು ಎದ್ದಿವೆ. ಅವುಗಳನ್ನು ಕಟ್ಟಲು ಬೇರೆ ಬೇರೆ ಜಿಲ್ಲೆಗಳಿಂದಲೂ ರಾಜ್ಯಗಳಿಂದಲೂ ಬಂದ ಕೂಲಿಗಾರರು ತಗಡಿನ ಶೆಡ್ಡುಗಳಲ್ಲಿ ವಾಸಿಸುತ್ತಾರೆ. ಯಶವಂತಪುರದ ಮಂಡಿಗಳಲ್ಲಿ ಹಮಾಲರು ಮೂಟೆ ಹೊರುತ್ತಾರೆ. ಗಾಳಿ ಬೆಳಕುಗಳಿಲ್ಲದ ಸಣ್ಣ ಕೋಣೆಯಲ್ಲಿ ಹಲವರು ಮಲಗುವೆಡೆ ಕ್ಷಯಕ್ಕೆ ಅನುಕೂಲ ಹೆಚ್ಚು. ಒಂದು ಕಟ್ಟಡದ ಕೆಲಸ ಮುಗಿದೊಡನೆ ಕಾರ್ಮಿಕನು ಬೇರೆ ಕಡೆಗೆ ಹೋಗುತ್ತಾನೆ. ಆರು ತಿಂಗಳ ಚಿಕಿತ್ಸೆ ಮೂರನೆಯ ತಿಂಗಳಿಗೇ ನಿಲ್ಲುವ ಭಯವಿರುತ್ತದೆ. ಅವನು ಹೋದೆಡೆಯಲ್ಲಿ ಔಷಧ ದೊರೆಯುವಂತೆ ಅವನ ವಿವರಗಳನ್ನು ವರ್ಗಾಯಿಸುವ ಏರ್ಪಾಡು ಈಗ ಇದೆ. ಆದರೆ ಅದನ್ನು ಅವನಿಗೆ ತಿಳಿಸುವವರು ಬೇಕು. ಇಂದಿನ ರೋಗಿಯು ಅಂಗಡಿಯಲ್ಲಿ ಕೆಮ್ಮಿನ ಔಷಧಿಯನ್ನು ಕೊಂಡು, ಒಬ್ಬ ವೈದ್ಯನಿಂದ ಇನ್ನೊಬ್ಬನ ಬಳಿಗೆ ಅಲೆಯುತ್ತ ವಾರಗಳನ್ನು ಕಳೆಯುವುದೂ ಉಂಟು. ಸೀಸೆ ಬದಲಾಗಿದೆ, ಕಥೆ ಬದಲಾಗಿಲ್ಲ.

ವಿದ್ಯಾರ್ಥಿಗಳಾದ ನಾವು ಇದರಿಂದ ಕಲಿಯಬೇಕಾದದ್ದು ಎರಡು. ಎರಡು ವಾರಗಳಿಗೂ ಮೀರಿ ಕೆಮ್ಮು ನಿಲ್ಲದಿದ್ದರೆ, ಮನೆಯವರಾಗಲಿ ನೆರೆಯವರಾಗಲಿ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಫದ ಪರೀಕ್ಷೆ ಮಾಡಿಸಿಕೊಳ್ಳುವಂತೆ ಹೇಳಬೇಕು. ಪರೀಕ್ಷೆಗೂ ಔಷಧಕ್ಕೂ ಅಲ್ಲಿ ಹಣ ಕೊಡಬೇಕಾಗಿಲ್ಲ. ರೋಗ ಬಂದವರನ್ನು ದೂರ ತಳ್ಳದೆ, ಚಿಕಿತ್ಸೆ ಮುಗಿಯುವವರೆಗೆ ಅವರಿಗೆ ಒತ್ತಾಸೆಯಾಗಿ ನಿಲ್ಲಬೇಕು. ಇದು ಮೊದಲನೆಯ ಪಾಠ.

ಎರಡನೆಯದು ಕ್ಷಯಕ್ಕೆ ಮಾತ್ರ ಸೀಮಿತವಾದುದಲ್ಲ. ಒಂದು ಕೆಲಸ ಕೆಟ್ಟಾಗ ಜನರನ್ನು ದೂರುವುದು ಸುಲಭ. ತಿಳಿಯದವರು, ಸೋಮಾರಿಗಳು, ಹೇಳಿದರೆ ಕೇಳದವರು ಎಂದುಬಿಟ್ಟರೆ ನಮ್ಮ ಹೊಣೆ ಮುಗಿಯಿತೆಂದು ತೋರುತ್ತದೆ. ತುಮಕೂರಿನ ಹಳ್ಳಿಗಳಿಗೆ ಹೋದವರು ಹಾಗೆ ಮಾಡಲಿಲ್ಲ. ಅವರು ಕೇಳಿದರು, ಎಣಿಸಿದರು, ಉತ್ತರವು ತಮ್ಮವರಿಗೇ ಮುಜುಗರ ತರುವಂತಿದ್ದರೂ ಅದನ್ನು ಮುಚ್ಚಿಡದೆ ಬರೆದರು. ಮೈಲಿಗಟ್ಟಲೆ ನಡೆದು ಬಂದ ರೋಗಿ ತನ್ನ ಕರ್ತವ್ಯವನ್ನು ಮಾಡಿದ್ದನು. ಒಳಗೆ ಕುಳಿತಿದ್ದವರು ತಮ್ಮ ಕರ್ತವ್ಯವನ್ನು ಇನ್ನೂ ಮಾಡಬೇಕಾಗಿತ್ತು.