40 ಕೆಬಿಯಲ್ಲಿ ಮದಲೂರು ಕೆರೆ

ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಈಗ ಮೂರು ನಾಲ್ಕು ಎಂಬಿ ಇರುತ್ತದೆ. 1985ರಲ್ಲಿ ನಿಂಟೆಂಡೊ ಹೊರತಂದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟ ಪೂರ್ತಿ ಸೇರಿ 40 ಕೆಬಿ. ಪ್ರೋಗ್ರಾಮಿಗೆ 32, ಚಿತ್ರಗಳಿಗೆ 8. ಮೂವತ್ತೆರಡು ಹಂತ, ಹಾಡು, ಆಮೆ, ಅಣಬೆ, ರಾಜಕುಮಾರಿ, ಅವಳನ್ನು ಹೊತ್ತೊಯ್ದ ರಾಕ್ಷಸ ಎಲ್ಲರೂ ಅಷ್ಟರೊಳಗೇ ಬಾಳುತ್ತಾರೆ. ಅವರ ನಡುವೆ ಶಿರಾ ತಾಲ್ಲೂಕಿನ ಮದಲೂರಿಗೆ, ಅಂದರೆ ನಮ್ಮೂರಿಗೆ, ಜಾಗ ಮಾಡಿಕೊಡಲು ಹೊರಟು ನಾನು ಕಲಿತದ್ದು ಒಂದಿಷ್ಟಿದೆ.

ಹಳೆಯ ಆಟವನ್ನು ಬಿಚ್ಚಿ ಬೇರೆ ವೇಷ ತೊಡಿಸುವುದು ಹೊಸ ಹುಚ್ಚೇನಲ್ಲ. 1986ರಲ್ಲೇ ಜಪಾನಿನ ‘ಆಲ್ ನೈಟ್ ನಿಪ್ಪಾನ್’ ಎಂಬ ರೇಡಿಯೊ ಕಾರ್ಯಕ್ರಮಕ್ಕಾಗಿ ಕಂಪನಿಯೇ ಒಂದು ವಿಶೇಷ ಮಾರಿಯೋ ಮಾಡಿಕೊಟ್ಟಿತ್ತು. ಅದರಲ್ಲಿ ಕೆಲವು ಶತ್ರುಗಳಿಗೆ ಆ ಕಾರ್ಯಕ್ರಮದವರ ಮುಖ. ನಮ್ಮ ಕಡೆಗೆ ಈ ಕಲೆ ಬಂದದ್ದು ಕಳ್ಳದಾರಿಯಲ್ಲಿ. ತೊಂಬತ್ತರ ದಶಕದಲ್ಲಿ ಪೇಟೆಗೆ ಹೋದವರು ತರುತ್ತಿದ್ದ ಯಂತ್ರವನ್ನು ಯಾರೂ ನಿಂಟೆಂಡೊ ಅನ್ನುತ್ತಿರಲಿಲ್ಲ, ಅದು ‘ಟಿವಿ ಗೇಮ್’. ಒಳಗೆ ಹಾಕುವುದು ‘ಕ್ಯಾಸೆಟ್’. ಮೇಲೆ 9999 ಆಟ ಎಂದು ಬರೆದಿರುತ್ತಿತ್ತು, ಒಳಗಿರುತ್ತಿದ್ದದ್ದು ಬೆರಳೆಣಿಕೆಯಷ್ಟು. ಮಾರಿಯೋ ಒಬ್ಬನೇ ಹತ್ತಾರು ಹೆಸರಲ್ಲಿ ಬರುತ್ತಿದ್ದ. ಒಂದು ಹೆಸರಿಗೆ ನೇರ ನೀರಿನ ಹಂತ ಶುರು, ಇನ್ನೊಂದಕ್ಕೆ ಆಕಾಶ ಮುಟ್ಟುವ ನೆಗೆತ. ಯಾರೋ ಎಲ್ಲೋ ಕೂತು ಒಂದೆರಡು ಬೈಟ್ ತಿದ್ದಿ ಹೊಸ ಆಟವೆಂದು ಮಾರಿದ್ದರು. ವ್ಯಾಪಾರ ಮೋಸದ್ದೇ, ಆದರೆ ಆಟವನ್ನು ತಿದ್ದಬಹುದು ಎಂಬ ಸುದ್ದಿ ನನಗೆ ಮುಟ್ಟಿದ್ದು ಆ ಕ್ಯಾಸೆಟ್‌ಗಳಿಂದಲೇ.

ಈಗ ಎಲ್ಲ ಸಲೀಸು. ‘ವೈವೈ-ಸಿಎಚ್‌ಆರ್’ ಎಂಬ ಸಾಧನದಲ್ಲಿ ತೆರೆದರೆ ಆಟದ 512 ಚಿತ್ರತುಂಡುಗಳು ಕಣ್ಣೆದುರು ಹರಡಿಕೊಳ್ಳುತ್ತವೆ. ಒಂದೊಂದೂ ಎಂಟಕ್ಕೆ ಎಂಟು ಚುಕ್ಕಿ, ಒಂದೊಂದಕ್ಕೂ 16 ಬೈಟ್. ಪ್ರೋಗ್ರಾಮಿನ ಸಾಲು ಸಾಲನ್ನೂ ಬಿಡಿಸಿ ಟಿಪ್ಪಣಿ ಬರೆದಿಟ್ಟ ಪುಣ್ಯಾತ್ಮನೊಬ್ಬ ಇದ್ದಾನೆ, ‘ಡಾಪೆಲ್‌ಗ್ಯಾಂಗರ್’ ಅನ್ನುವ ಅಡ್ಡಹೆಸರಿನವನು. ಅವನ ಟಿಪ್ಪಣಿ ಇಲ್ಲದಿದ್ದರೆ ನನ್ನಂಥವರು ಬಾಗಿಲಲ್ಲೇ ನಿಲ್ಲಬೇಕಿತ್ತು.

ಚಿತ್ರ ಬದಲಿಸುವುದರಿಂದ ಶುರುಮಾಡಿದೆ, ಎಲ್ಲರೂ ಶುರುಮಾಡುವುದು ಅಲ್ಲಿಂದಲೇ. ಹಸಿರು ಪೈಪುಗಳನ್ನು ಬೋರ್‌ವೆಲ್ಲಿನ ಕೇಸಿಂಗ್ ಪೈಪ್ ಮಾಡಿದೆ. ನಾಣ್ಯ ಕಡಲೆಕಾಯಿ ಆಯಿತು. ಪೊದೆಗಳ ಜಾಗದಲ್ಲಿ, ನೀರಿಲ್ಲದ ಕೆರೆಯಂಗಳ ಇದ್ದಲ್ಲೆಲ್ಲ ಬೆಳೆಯುವ ಬಳ್ಳಾರಿ ಜಾಲಿ ಬರೆದೆ. ಆಟ ಓಡಿಸಿ ನೋಡಿದರೆ ಆಕಾಶದಲ್ಲೂ ಜಾಲಿ ತೇಲುತ್ತಿದೆ! ಮಾರಿಯೋ ಆಟದ ಮೋಡ ಮತ್ತು ಪೊದೆ ಒಂದೇ ತುಂಡುಗಳಿಂದ ಆದವು, ಬಣ್ಣ ಮಾತ್ರ ಬೇರೆ. ಜಾಗ ಉಳಿಸಲು ಅವರು ಮಾಡಿದ ಈ ಉಪಾಯ ಜಗತ್ಪ್ರಸಿದ್ಧ. ಓದಿ ತಿಳಿದಿದ್ದರೂ, ಮೋಡದಲ್ಲಿ ಮುಳ್ಳು ಕಂಡಾಗಲೇ ಅದು ತಲೆಯೊಳಗೆ ಇಳಿದದ್ದು.

ಶತ್ರುಗಳದ್ದು ಇನ್ನೂ ಸ್ವಾರಸ್ಯ. ಮೊದಲ ಹಂತದಲ್ಲಿ ಎದುರಾಗುವ ಗೂಂಬಾ ಎಂಬ ಕಂದು ಪ್ರಾಣಿಯನ್ನು, ಕಡಲೆಕಾಯಿ ಹೊಲ ಬೋಳಿಸುವ ಕೆಂಪು ಕಂಬಳಿಹುಳು ಮಾಡುವ ಆಸೆ. ಗೂಂಬಾಗೆ ನಡಿಗೆಯ ಚಿತ್ರ ಇರುವುದು ಒಂದೇ. ಅದನ್ನೇ ಕನ್ನಡಿಯಲ್ಲಿ ಹಿಡಿದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನಡೆಸುತ್ತಾರೆ. ಹುಳುವನ್ನು ಪಕ್ಕದಿಂದ ಬರೆದರೆ ಅದು ಮುಂದೆ ಹೋಗುತ್ತಾ, ಆ ಕಡೆ ಈ ಕಡೆ ತಿರುಗಿ ತಿರುಗಿ ಗಾಬರಿಬಿದ್ದ ಹಾಗೆ ಕಾಣುತ್ತದೆ. ಹಾಗಾಗಿ ನಮ್ಮ ಕಂಬಳಿಹುಳು ಆಟಗಾರನಿಗೆ ಮುಖ ಕೊಟ್ಟೇ ನಡೆಯುತ್ತದೆ.

ಶತ್ರುವಿನ ಜಾಗಕ್ಕೆ ಏನನ್ನು ಕೂರಿಸುತ್ತೇವೆ ಎಂಬುದರಲ್ಲಿ ನಮ್ಮ ಒಂದು ಅಭಿಪ್ರಾಯವೂ ಸೇರಿಕೊಳ್ಳುತ್ತದೆ. ಇದನ್ನು ತೋರಿಸಿಕೊಟ್ಟವನು ಅಕ್ಕನ ಮಗ. 2-3ನೇ ಹಂತದಲ್ಲಿ ಸೇತುವೆಯ ಕೆಳಗಿನಿಂದ ಮೀನುಗಳು ಹಾರಿ ಬರುತ್ತವಲ್ಲ, ಅವಕ್ಕೆ ರೆಕ್ಕೆ ಬಿಡಿಸಿ ಕಗ್ಗಲಡುವಿನ ಬಣ್ಣದ ಕೊಕ್ಕರೆ ಮಾಡಿದ್ದೆ, ಅಂದಕ್ಕೆಂದು. ಹುಡುಗ ಸ್ವಲ್ಪ ಹೊತ್ತು ಆಡಿ ಕೈಬಿಟ್ಟ. “ಮಾಮ, ಇವು ಕಗ್ಗಲಡು ಹಕ್ಕಿ ಅಲ್ವಾ? ತುಳಿದ್ರೆ ಪಾಯಿಂಟ್ ಯಾಕ್ ಕೊಡ್ತೈತೆ?” ಎಂದ. ಶಿರಾ ತಾಲ್ಲೂಕಿನ ಆ ಊರಲ್ಲಿ ಕೊಕ್ಕರೆಗಳು ಮನೆಗಳ ಪಕ್ಕದ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರು ಅವನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಅವತ್ತೇ ಮೀನುಗಳು ಮತ್ತೆ ಮೀನಾದವು. ಕೊಕ್ಕರೆಗಳು ಹಿನ್ನೆಲೆಯ ಚಿತ್ರವಾಗಿ ಮರ ಹತ್ತಿದವು, ಅಲ್ಲಿ ಅವಕ್ಕೆ ಯಾರ ಕಾಲೂ ತಾಗದು.

ಇಷ್ಟೆಲ್ಲ ಮಾಡಿದ ಮೇಲೂ ಆಟ ಮದಲೂರಿನದ್ದು ಅನ್ನಿಸಲಿಲ್ಲ. ಕಡಲೆಕಾಯಿ ಹೆಕ್ಕುವ ಜಪಾನಿ ಆಟವಾಗಿಯೇ ಉಳಿಯಿತು. ಆಡುವವನ ಬೆರಳಿಗೆ ಬಣ್ಣ ಕಾಣುವುದಿಲ್ಲ. ಎಷ್ಟು ದೂರ ಓಡಬೇಕು, ಎಲ್ಲಿ ನೆಗೆಯಬೇಕು, ನಿಂತು ನೆಗೆದರೆ ಸುಮಾರು ನಾಲ್ಕು ಇಟ್ಟಿಗೆ ಎತ್ತರ, ಓಡಿ ನೆಗೆದರೆ ಇನ್ನೊಂದಿಷ್ಟು; ಬೆರಳಿಗೆ ಗೊತ್ತಿರುವುದು ಇಷ್ಟೆ. ಮೂಲ ಆಟದ ಮೊದಲ ಹಂತವನ್ನು ಗಮನಿಸಿ: ಅಣಬೆ ಪೆಟ್ಟಿಗೆಯಿಂದ ಹೊರಬಂದು ಬಲಕ್ಕೆ ಹೋಗುತ್ತದೆ, ಪೈಪಿಗೆ ಬಡಿದು ನಿಮ್ಮ ಕಡೆಗೇ ತಿರುಗುತ್ತದೆ. ಹೆದರಿ ನೆಗೆದರೂ ತಲೆಯ ಮೇಲಿನ ಇಟ್ಟಿಗೆ ತಡೆದು ಕೆಳಕ್ಕೆ ಬೀಳಿಸುತ್ತದೆ. ಅಣಬೆ ಮೈಗೆ ತಾಗಿ ನೀವು ದೊಡ್ಡವರಾಗುತ್ತೀರಿ. ಆಟ ಕಟ್ಟಿದ ಶಿಗೆರು ಮಿಯಾಮೊಟೊ 2015ರ ಸಂದರ್ಶನವೊಂದರಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಒಂದಕ್ಷರ ಬರೆಯದೆ, ಬರೀ ಅಂತರದಿಂದ ಪಾಠ ಹೇಳುವ ಮೇಷ್ಟರು ಅವರು. ಊರು ಬರಬೇಕಾದರೆ ಅಂತರಗಳಲ್ಲೇ ಬರಬೇಕು.

ನಮ್ಮೂರ ಅಂತರ ಎಂದರೆ ಕೆರೆಯಂಗಳ. ಬೇಸಿಗೆಯಲ್ಲಿ ಏರಿಯ ಮೇಲೆ ನಿಂತರೆ ಆ ತುದಿ ಈ ತುದಿಗೆ ಏನೂ ಇಲ್ಲದ ಬಯಲು. ಅದನ್ನೇ ಹಂತವನ್ನಾಗಿ ಮಾಡಿದೆ. ಪೈಪಿಲ್ಲ, ಇಟ್ಟಿಗೆಯಿಲ್ಲ, ಹುಳುವೂ ಇಲ್ಲ, ಪರದೆಯ ಮೇಲೆ ಪರದೆ ಖಾಲಿ ನೆಲ. ಆಟದ ಲೆಕ್ಕದಲ್ಲಿ ಒಂದು ಪರದೆಗೆ 16 ಇಟ್ಟಿಗೆ ಅಗಲ, ಮತ್ತು ಈ ಖಾಲಿಗೂ ಬೆಲೆಯಿದೆ: ಮುಂದಿನ ಪುಟಕ್ಕೆ ಹಾರು ಎಂದು ಹೇಳಲು ಎರಡು ಬೈಟ್ ತೆರಬೇಕು. ಮೇಲೆ ಗಡಿಯಾರ 400ರಿಂದ ಇಳಿಯುತ್ತಿರುತ್ತದೆ; ಅದರ ಒಂದು ಅಂಕಿ ನಮ್ಮ ಸೆಕೆಂಡಿನ ಅರ್ಧಕ್ಕೂ ಕಡಿಮೆ, 400 ಎಂದರೆ ಹೆಚ್ಚುಕಡಿಮೆ 160 ಸೆಕೆಂಡ್. ಶತ್ರುವೇ ಇಲ್ಲದ ಬಯಲಲ್ಲಿ ಗಡಿಯಾರ ಮಾತ್ರ ಓಡುತ್ತಿದ್ದರೆ ಹುಡುಗರು ಚಡಪಡಿಸಿಬಿಡುತ್ತಾರೆ. ನಾನು ಮಾಡಿದ್ದರಲ್ಲಿ ನನಗೆ ಮೆಚ್ಚುಗೆಯಾದ ಹಂತ ಅದೊಂದೇ.

ಇನ್ನು ನೀರು. ಮದಲೂರು ಕೆರೆಯ ಕಥೆ ಜಿಲ್ಲೆಯವರಿಗೆಲ್ಲ ಗೊತ್ತು. ನೀರು ಗೊರೂರಿನಿಂದ ಹೇಮಾವತಿ ನಾಲೆಯಲ್ಲಿ ಬರಬೇಕು, ಕಳ್ಳಂಬೆಳ್ಳ ಕೆರೆ, ಶಿರಾ ಕೆರೆ ಆದ ಮೇಲೆ ನಮ್ಮದು. 2020ರ ನವೆಂಬರಿನ ಶಿರಾ ಉಪಚುನಾವಣೆ ನಡೆದದ್ದೇ ಹೆಚ್ಚುಕಡಿಮೆ ಈ ಕೆರೆಯ ಹೆಸರಲ್ಲಿ. ಕೆರೆ ತುಂಬಿಸುತ್ತೇವೆಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮಾತು ಕೊಟ್ಟಿದ್ದರು. ಹಂಚಿಕೆಯಲ್ಲಿ ಮದಲೂರಿಗೆ ಪಾಲಿದೆ, ಇಲ್ಲ ಎಂಬ ಜಗಳ ಆಮೇಲೂ ನಡೆಯಿತು. ಆಟದಲ್ಲಾದರೂ ನೀರು ಬಿಡೋಣವೆಂದರೆ ಅಲ್ಲೂ ಕಟ್ಟಳೆ. ಪ್ರತಿ ಪ್ರದೇಶಕ್ಕೂ ಒಂದೇ ಜಾತಿ: ನೀರು, ನೆಲ, ನೆಲಮಾಳಿಗೆ, ಕೋಟೆ. ಒಣನೆಲವೆಂದು ಬರೆದ ಜಾಗಕ್ಕೆ ಆಟದ ನಡುವೆ ನೀರು ತುಂಬಿಸಲಾಗದು. ಪೈಪ್ ಇಟ್ಟು, ಆಟಗಾರನನ್ನೇ ನೀರಿರುವ ಇನ್ನೊಂದು ಪ್ರದೇಶಕ್ಕೆ ಕಳಿಸಬೇಕು. ಆ ಪೈಪ್ ಎಲ್ಲಿಗೆ ಹೋಗುತ್ತದೆ ಎಂಬ ಮೂರು ಬೈಟ್‌ಗಳನ್ನು ಬರೆದಿಟ್ಟಿರುವುದು ಎಲ್ಲಿ ಗೊತ್ತೆ? ಶತ್ರುಗಳ ಪಟ್ಟಿಯಲ್ಲಿ. ನೀರಾವರಿ ರಾಜಕೀಯ ಬಲ್ಲವರಿಗೆ ಇದಕ್ಕೆ ವ್ಯಾಖ್ಯಾನ ಬೇಡ.

ಕನ್ನಡದಲ್ಲಿ ಬರೆಯುವುದು ಒಂದು ಪ್ರತ್ಯೇಕ ಸಾಹಸ. ಎಂಟು ಚುಕ್ಕಿಯ ಚೌಕದಲ್ಲಿ ಇಂಗ್ಲಿಷಿನ ಅಕ್ಷರ ಹಾಯಾಗಿ ಕೂರುತ್ತದೆ, ನಮ್ಮ ‘ಲೂ’ ಕೂರುವುದಿಲ್ಲ. ‘ಮದಲೂರು’ ಎಂಬ ನಾಲ್ಕಕ್ಷರಕ್ಕೆ ತಲಾ ನಾಲ್ಕರಂತೆ 16 ತುಂಡು ಹೋದವು. ಒತ್ತಕ್ಷರದ ಮಾತಂತೂ ಎತ್ತುವಂತಿಲ್ಲ. ಮೂಲ ಆಟದಲ್ಲಿ, ಕೊನೆಯದೊಂದನ್ನು ಬಿಟ್ಟು, ಕೋಟೆ ಗೆದ್ದಾಗಲೆಲ್ಲ ‘ರಾಜಕುಮಾರಿ ಇರುವುದು ಬೇರೆ ಕೋಟೆಯಲ್ಲಿ’ ಎಂಬರ್ಥದ ಸಾಲು ಬರುತ್ತದೆ. ಅದರ ಜಾಗಕ್ಕೆ ಒತ್ತಿಲ್ಲದ ಮಾತು ಹುಡುಕಿ ‘ನೀರು ಮುಂದಿನ ಕೆರೆಗೆ’ ಎಂದು ಬರೆದೆ. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಓದಿ, “ಇದ್ನೂ ಎಲೆಕ್ಷನ್ನಾಗೆ ಹೇಳಿದ್ರೇನ್ಲಾ?” ಎಂದರು.

ಅಕ್ಕಪಕ್ಕದ ತಾಲ್ಲೂಕುಗಳನ್ನೂ ಸೇರಿಸುವ ಆಸೆಯಿತ್ತು. ಪಾವಗಡ ಅಗ್ಗವಾಗಿ ಸಿಕ್ಕಿತು. ತಿರುಮಣಿ ಸುತ್ತಿನ ಸೋಲಾರ್ ಪಾರ್ಕ್ ಸುಮಾರು 13 ಸಾವಿರ ಎಕರೆ, 2,050 ಮೆಗಾವಾಟ್. ಆಟದಲ್ಲಾದರೋ ಒಂದೇ ತುಂಡನ್ನು ಉದ್ದಕ್ಕೆ ಹದಿನಾರು ಸಲ ಸಾಲಾಗಿ ಇಡಲು ಎರಡು ಬೈಟ್ ಸಾಕು. ಮಧುಗಿರಿ ಮಾತ್ರ ಬಗ್ಗಲಿಲ್ಲ. ಏಕಶಿಲೆಯ ಬೆಟ್ಟ ಮೇಲಕ್ಕೆ ಬೆಳೆದದ್ದು. ಈ ಆಟದ ಪರದೆ ಬಲಕ್ಕೆ ಮಾತ್ರ ಸರಿಯುತ್ತದೆ, ಹಿಂದಕ್ಕೂ ಬರದು, ಮೇಲಕ್ಕೂ ಏರದು. ಆಡಲು ಇರುವುದು 13 ಸಾಲು. ಹದಿಮೂರು ಸಾಲಿನ ಮಧುಗಿರಿ ಎಂದರೆ ನಮ್ಮ ಹಿತ್ತಿಲ ಬಂಡೆ. ಕೈಬಿಟ್ಟೆ.

ಇನ್ನೊಂದು ಮಾತು, ಕಾನೂನಿನದು. ಆಟದ ಹಕ್ಕು ಇಂದಿಗೂ ನಿಂಟೆಂಡೊದ್ದೇ. ಆದ್ದರಿಂದ ತಿದ್ದುವವರು ಪೂರ್ತಿ ಆಟವನ್ನು ಹಂಚುವುದಿಲ್ಲ, ತಾವು ಬದಲಿಸಿದ ಬೈಟ್‌ಗಳ ಪಟ್ಟಿಯನ್ನಷ್ಟೇ ‘ಐಪಿಎಸ್’ ಎಂಬ ಪುಟ್ಟ ಕಡತವಾಗಿ ಕೊಡುತ್ತಾರೆ. ಮೂಲ ಆಟ ಇರುವವರು ಅದರ ಮೇಲೆ ಇದನ್ನು ಹಚ್ಚಿಕೊಳ್ಳಬೇಕು. ನನ್ನ ಮದಲೂರೂ ಹಾಗೆ ಬಿಡಿಯಾಗಿಯೇ ಇದೆ, ಮಾರಾಟಕ್ಕಿಲ್ಲ.

ಮಧುಗಿರಿ, ಕೊರಟಗೆರೆ ಕಡೆಯ ಹುಡುಗರು ಯಾರಾದರೂ ಈ ಕೆಲಸಕ್ಕೆ ಇಳಿಯುವುದಾದರೆ 1990ರ ‘ಸೂಪರ್ ಮಾರಿಯೋ ವರ್ಲ್ಡ್’ ಹಿಡಿಯಿರಿ. ಅದರ ಹಂತಗಳನ್ನು ತಿದ್ದಲು ‘ಲೂನಾರ್ ಮ್ಯಾಜಿಕ್’ ಎಂಬ ಒಳ್ಳೆಯ ಸಾಧನ 2000ದಿಂದಲೇ ಉಚಿತವಾಗಿ ಸಿಗುತ್ತಿದೆ. ಅಲ್ಲಿ ಪರದೆ ಮೇಲಕ್ಕೂ ಸರಿಯುತ್ತದೆ, ಬೆಟ್ಟ ಹತ್ತಬಹುದು.